ಬೆಲೆ ಮೊದಲು, ರೊಟ್ಟಿ ಆಮೇಲೆ

“ಬೆಲೆ ಮೊದಲು, ರೊಟ್ಟಿ ಆಮೇಲೆ. ಇದೊಂದು ನೆನಪಿಟ್ಕೊ ಕಿಜಿಮ್, ಮಿಕ್ಕಿದ್ದೆಲ್ಲ ನಾನು ನೋಡ್ಕೋತೀನಿ” ಅಂದರು ಕಾಲಿಪಾ ಎಜೆ.

ಜನವರಿ ತಿಂಗಳು, ಬೆಳಗ್ಗೆ ಎಂಟು ಗಂಟೆಯ ಮಿನಿಬಸ್ಸು. ಬಿಷ್ಕೆಕ್ ಊರಿಗೆ ಊರೇ ಅದೊಂದರಲ್ಲಿ ಹತ್ತಿಕೊಂಡಿದೆಯೋ ಅನ್ನುವಷ್ಟು ಜನ. ಯಾರೋ ಹುಡುಗಿ ಎದ್ದು ಸೀಟು ಕೊಟ್ಟಿದ್ದಳು. ಎಜೆ ಕೂತು, ಬುರುಲ್ಚಾಳ ಕೈಚೀಲವನ್ನೂ ತಮ್ಮ ತೊಡೆಯ ಮೇಲೆ ಏರಿಸಿಕೊಂಡು, ಕಂಬಿ ಹಿಡಿದು ತೂಗಾಡುತ್ತಿದ್ದ ಅವಳ ಕಡೆ ಕತ್ತೆತ್ತಿ ಪಾಠ ಮಾಡುತ್ತಿದ್ದರು. ಅವರು ಅವಳಿಗೆ ಎಜೆ, ಅಂದರೆ ಅಕ್ಕ; ಅವಳು ಅವರಿಗೆ ಕಿಜಿಮ್, ಅಂದರೆ ಮಗಳು. ಈ ಪಾಠವನ್ನು ಆ ವಾರದಲ್ಲಿ ಎಷ್ಟು ಸಲ ಕೇಳಿದ್ದಳೋ ಬುರುಲ್ಚಾ ಮರೆತಿದ್ದಳು. ಆದರೂ ಹೊಸದಾಗಿ ಕೇಳಿದವಳ ಹಾಗೆ ತಲೆಯಾಡಿಸಿದಳು. ಎಜೆಯ ಸುಖ ಇದ್ದದ್ದೇ ಹೇಳುವುದರಲ್ಲಿ.

ಪಾಠದ ಹಿಂದೆ ಒಂದು ಕತೆಯೂ ಇತ್ತು. ಇಪ್ಪತ್ತು ವರ್ಷದ ಹಿಂದೆ ಎಜೆ ತಮ್ಮ ಮೊದಲನೇ ಮನೆ ನೋಡಲು ಹೋದಾಗ ಮಾರುವವಳು ಆಗತಾನೆ ತಂದೂರಿನಿಂದ ತೆಗೆದ ರೊಟ್ಟಿ, ಅಂಗೈ ದಪ್ಪದ ಕೆನೆ ತಂದು ಮುಂದಿಟ್ಟಳಂತೆ. ಎಜೆ ಎರಡು ತುತ್ತು ತಿಂದರು. ಆಮೇಲೆ ಬಾಯಿ ಏಳಲಿಲ್ಲ. ಒಬ್ಬರ ರೊಟ್ಟಿಯನ್ನು ಬಾಯಲ್ಲಿಟ್ಟುಕೊಂಡು, ನಿಮ್ಮ ಕೊಳಾಯಿ ಸೋರುತ್ತೆ, ನಿಮ್ಮ ಕಿಟಕಿ ವಾಲಿದೆ, ಸ್ವಲ್ಪ ಕಡಿಮೆ ಮಾಡಿ ಅಂತ ಹೇಳುವ ನಾಲಿಗೆ ಕಿರ್ಗಿಜರಲ್ಲಿ ಯಾರಿಗಿದೆ? ಕೇಳಿದಷ್ಟೂ ಕೊಟ್ಟು ಬಂದರು. “ನನ್ನ ಜನ್ಮದಲ್ಲಿ ತಿಂದ ಅತಿ ದುಬಾರಿ ಕೆನೆ ಅದು” ಅನ್ನುತ್ತಿದ್ದರು ಈಗಲೂ, ನಾಲಿಗೆ ಚಪ್ಪರಿಸಿಕೊಂಡೇ.

ಆ ಮನೆ ಬಾಡಿಗೆಗೆ ಹೋಯಿತು; ಅದರ ಬಾಡಿಗೆ ಕೂಡಿಟ್ಟು ಎರಡನೆಯದು, ಎರಡೂ ಸೇರಿ ಮೂರನೆಯದು. ಮೂರೂ ಒಂದೊಂದು ಕೋಣೆಯವೇ. ಹೊಲಿಗೆ ಕಾರ್ಖಾನೆಯ ಮೇಲ್ವಿಚಾರಕಿಯಾಗಿದ್ದ ಹೆಂಗಸು ಅರವತ್ತೊಂಬತ್ತನೇ ವಯಸ್ಸಿಗೆ ಮೂರು ಬೀಗದ ಕೈಗಳನ್ನು ಸೊಂಟಕ್ಕೆ ಕಟ್ಟಿಕೊಂಡು ಓಡಾಡುತ್ತಿದ್ದರೆ ಕಾರ್ಖಾನೆಯ ಹುಡುಗಿಯರೆಲ್ಲ ಕಣ್ಣರಳಿಸಿ ನೋಡುತ್ತಿದ್ದರು. ಹತ್ತೊಂಬತ್ತನೇ ವಯಸ್ಸಿಗೆ ನರಿನ್ ಕಡೆಯ ಹಳ್ಳಿಯಿಂದ ಬಂದು ಅವರ ಕೈಕೆಳಗೆ ಕಾಲರ್ ಹೊಲಿಯಲು ಕೂತವಳು ಬುರುಲ್ಚಾ. ಅವಳಿಗೀಗ ನಲವತ್ತೊಂದು.

ಕಳೆದ ವಸಂತದಲ್ಲಿ ಕಣ್ಣಿನ ಡಾಕ್ಟರು ಅವಳಿಗೆ ಸ್ಪಷ್ಟವಾಗಿ ಹೇಳಿದ್ದರು: ದಿನಕ್ಕೆ ನಾಲ್ಕು ಗಂಟೆಗಿಂತ ಹೆಚ್ಚು ಸೂಜಿ ಹಿಡಿದರೆ ಐದು ವರ್ಷದಲ್ಲಿ ದಾರ ಪೋಣಿಸಲೂ ಇನ್ನೊಬ್ಬರನ್ನು ಕರೆಯಬೇಕಾಗುತ್ತದೆ. ನಾಲ್ಕು ಗಂಟೆಯ ಹೊಲಿಗೆಯಲ್ಲಿ ಅರ್ಧ ಸಂಬಳ. ಇನ್ನರ್ಧ ಎಲ್ಲಿಂದ? ಅದಕ್ಕೇ ಬಾಡಿಗೆಗೆ ಕೊಡಲು ಒಂದು ಕೋಣೆಯ ಮನೆ. ಹನ್ನೊಂದು ವರ್ಷ ಕೂಡಿಟ್ಟಿದ್ದಳು. ಆ ಗಂಟನ್ನು ಅವಳು ಯೋಚಿಸುತ್ತಿದ್ದದ್ದು ಮೀಟರುಗಳಲ್ಲಿ, ಅಂದರೆ ಎಷ್ಟು ಚದರ ಮೀಟರ್ ಮನೆ ಬರುತ್ತದೆ ಅಂತ. ಎರಡು ವರ್ಷದ ಹಿಂದೆ ಮೂವತ್ತೈದು ಮೀಟರ್ ಇತ್ತು. ಒಂದು ಕಾಸೂ ಖರ್ಚು ಮಾಡದೆ, ಇನ್ನಷ್ಟು ಸೇರಿಸುತ್ತಲೇ ಇದ್ದರೂ ಈಗ ಇಪ್ಪತ್ತೆಂಟಾಗಿತ್ತು. ಬೆಲೆ ಏರಿದ ಹಾಗೆಲ್ಲ ತನ್ನ ಮನೆ ಒಗೆದ ಉಣ್ಣೆಯ ಹಾಗೆ ಕುಗ್ಗುತ್ತಿದೆ ಅನ್ನಿಸಿ ಅವಳಿಗೆ ಗಾಬರಿ. ಮುಂದಿನ ಜನವರಿಗೆ ಅಡುಗೆಮನೆ ಹೋಗಿ ಬರೀ ಬಚ್ಚಲು ಉಳಿದೀತು.

ಗಾಬರಿಯಲ್ಲಿ ಅವಳು ಒಂದು ತಪ್ಪು ಮಾಡುವುದರಲ್ಲಿದ್ದಳು. ಊರ ಹೊರಗೆ ಹೊಸ ಕಟ್ಟಡ. ಅಂದರೆ ಸದ್ಯಕ್ಕೆ ಒಂದು ಗುಂಡಿ, ಗುಂಡಿಯ ಮುಂದೆ ದೊಡ್ಡ ಬಣ್ಣದ ಚಿತ್ರ. ಚಿತ್ರದಲ್ಲಿ ಕಾರಂಜಿ, ಮರಗಳು, ಚಿತ್ರದ ಹೆಂಗಸೊಬ್ಬಳ ಕೈಯಲ್ಲಿ ಚಿತ್ರದ ನಾಯಿಮರಿ. ಗುಂಡಿಯಲ್ಲಿದ್ದಾಗಲೇ ಕೊಂಡರೆ ಅಗ್ಗ. ಎಜೆ ಅವಳನ್ನು ಆ ಗುಂಡಿಯ ಅಂಚಿಗೆ ಕರೆದುಕೊಂಡು ಹೋಗಿ ನಿಲ್ಲಿಸಿದ್ದರು. ಒಳಗೆ ನೀರು ಹೆಪ್ಪುಗಟ್ಟಿತ್ತು. ಒಂದು ಕಾಗೆ ಅದರ ಮೇಲೆ ನಡೆದು ಹೋಯಿತು. “ಇವತ್ತು ಕೆಲಸದವರು ಎಷ್ಟು ಜನ ಇದಾರೆ, ಎಣಿಸು” ಅಂದರು. ಕಾಗೆ ಬಿಟ್ಟರೆ ಯಾರೂ ಇರಲಿಲ್ಲ. “ಎರಡನೇ ಮನೇನೋ ಮೂರನೇ ಮನೇನೋ ಆದ್ರೆ ಗುಂಡಿಗೆ ದುಡ್ಡು ಹಾಕು, ಹೋದ್ರೂ ಅತ್ತು ಸುಮ್ಮನಾಗ್ಬಹುದು. ಮೊದಲನೇದು ಕೈಯಲ್ಲಿ ಮುಟ್ಟಿ ನೋಡೋ ಹಾಗಿರಬೇಕು.”

ಮುಟ್ಟಿ ನೋಡುವ ಹಾಗಿದ್ದದ್ದು ಈ ಹತ್ತನೇ ಬಡಾವಣೆಯ ಮನೆ. ಕಾಂಕ್ರೀಟು ಚಪ್ಪಡಿ ಜೋಡಿಸಿ ಕಟ್ಟಿದ ಹಳೆಯ ಒಂಬತ್ತು ಮಾಳಿಗೆಯ ಕಟ್ಟಡ, ನಾಲ್ಕನೇ ಮಾಳಿಗೆ, ಮೂವತ್ತೊಂದು ಮೀಟರ್. ವೈದ್ಯಕೀಯ ಅಕಾಡೆಮಿಗೆ ನಡೆದು ಹೋದರೆ ಹನ್ನೆರಡು ನಿಮಿಷ. ಆ ಹನ್ನೆರಡು ನಿಮಿಷವೇ ಮುಖ್ಯ ಅಂತ ಎಜೆಯ ಸಿದ್ಧಾಂತ. ಮೊದಲು ಬಾಡಿಗೆದಾರ ಯಾರು ಅಂತ ನೋಡು, ಆಮೇಲೆ ಅವನಿಗೆ ಬೇಕಾದ ಗೋಡೆ ಹುಡುಕು ಅನ್ನುತ್ತಿದ್ದರು. ಅವರ ಮೂರು ಮನೆಗಳಲ್ಲೂ ಹಿಂದೂಸ್ತಾನದಿಂದ ಡಾಕ್ಟರಿಕೆ ಓದಲು ಬಂದ ಹುಡುಗರೇ. ಒಳ್ಳೆ ಮಕ್ಕಳು, ಕುಡಿಯಲ್ಲ, ಹಬ್ಬಕ್ಕೆ ಸಿಹಿ ತಂದುಕೊಡುತ್ತಾರೆ, ಆದರೆ ಒಗ್ಗರಣೆಗೆ ಸಾಸಿವೆ ಸಿಡಿಸಿದರೆ ಮೂರನೇ ಮನೆಯವರೂ ಕೆಮ್ಮುತ್ತಾರೆ. “ಅರಿಶಿನದ ಕಲೆ ಮಾತ್ರ ದೇವರಾಣೆಗೂ ಹೋಗಲ್ಲ. ಅಡುಗೆಮನೆಗೆ ಬಿಳಿ ಬಣ್ಣ ಬಳೀಬೇಡ ಕಿಜಿಮ್. ಮೊದಲೇ ಹಳದಿ ಬಳಿದುಬಿಡು.”

ಒಂದೇ ತೊಡಕು, ಇದು ಕಟ್ಟಡದ ಕೊನೆಯ ಮನೆ. ಒಂದು ಗೋಡೆ ಪೂರ್ತಿ ಹೊರಗಿನ ಚಳಿಗೆ ಒಡ್ಡಿಕೊಂಡಿದ್ದು. ಬೇರೆ ದಿನವಾಗಿದ್ದರೆ ಎಜೆ ಇಂಥ ಮನೆಯ ಮೆಟ್ಟಿಲನ್ನೂ ತುಳಿಯುತ್ತಿರಲಿಲ್ಲ. ಆದರೆ ಬುರುಲ್ಚಾಳ ಇಪ್ಪತ್ತೆಂಟಕ್ಕೆ ಇಷ್ಟು ಹತ್ತಿರ ಬಂದ ಮನೆ ಇದೊಂದೇ. ಕೊನೆಯ ಮನೆ ಅನ್ನುವುದನ್ನೇ ಹಿಡಿದು ಜಗ್ಗಿ ಮೂರು ಮೀಟರಿನ ದುಡ್ಡು ಇಳಿಸಬೇಕು. ಬಾಡಿಗೆ ಬರದ ಮೂರು ತಿಂಗಳಿಗೆ ಅಂತ ಎಜೆಯೇ ಬೇರೆಯಾಗಿ ತೆಗೆದಿಡಿಸಿದ್ದ ಸ್ವಲ್ಪ ದುಡ್ಡಿಗೆ ಕೈ ಹಾಕುವಂತಿರಲಿಲ್ಲ. ಅದು ಅವರ ಇನ್ನೊಂದು ಪಾಠ.

ಬಸ್ಸಿಳಿದ ಮೇಲೆ ಎಜೆ ನೇರ ನಾಲ್ಕನೇ ಮಾಳಿಗೆಗೆ ಹೋದರು ಅಂದುಕೊಂಡರೆ ನಿಮಗೆ ಎಜೆ ಗೊತ್ತಿಲ್ಲ. ಮೊದಲು ನೆಲಮಾಳಿಗೆಯ ಬಾಗಿಲಲ್ಲಿ ನಿಂತು ಮೂಗು ಚಾಚಿದರು: ಬೆಕ್ಕು ಇದೆ, ಕೊಳಚೆ ಇಲ್ಲ, ಒಳ್ಳೆಯದು. ಬೆಂಚಿನ ಮೇಲೆ ಆ ಚಳಿಯಲ್ಲೂ ಕೂತಿದ್ದ ರಷ್ಯನ್ ಮುದುಕಿಯ ಪಕ್ಕ ಕೂತು ಮಂಡಿನೋವಿನಿಂದ ಮಾತು ಶುರು ಮಾಡಿ ಹತ್ತು ನಿಮಿಷದಲ್ಲಿ ಲಿಫ್ಟು ಯಾವಾಗ ಕೆಡುತ್ತೆ, ಐದನೇ ಮಾಳಿಗೆಯವನು ಯಾವಾಗ ಕುಡಿಯುತ್ತಾನೆ, ಬಿಸಿನೀರು ಯಾವ ತಿಂಗಳು ನಿಲ್ಲುತ್ತೆ ಎಲ್ಲ ತಿಳಿದುಕೊಂಡರು. ಮನೆ ಮಾರುತ್ತಿದ್ದ ಸಾದಿರ್ಕುಲ್‌ನ ಬಗ್ಗೆ ಮುದುಕಿ ಒಂದೇ ಮಾತು ಹೇಳಿದಳು: ಟ್ರಾಲಿಬಸ್ ಓಡಿಸುತ್ತಿದ್ದಾಗ ಓಡಿಬರುವವರನ್ನು ಕಂಡರೆ ಕಾಯುತ್ತಿದ್ದ.

ಸಾದಿರ್ಕುಲ್ ಬಾಯ್ಕೆ, ಅಂದರೆ ಸಾದಿರ್ಕುಲಣ್ಣ, ಬಾಗಿಲಲ್ಲೇ ನಿಂತಿದ್ದರು. ಎಪ್ಪತ್ತೊಂದು ವರ್ಷ, ಇಸ್ತ್ರಿ ಮಾಡಿದ ಅಂಗಿ, ತಲೆಗೆ ಬಿಳಿ ಟೋಪಿ. ಹೆಂಡತಿ ಊಲ್ಕಾನ್ ತೀರಿಹೋಗಿ ಎರಡು ವರ್ಷ. ಟೊಕ್ತೊಗುಲ್‌ನಲ್ಲಿರುವ ತಮ್ಮನ ಜೊತೆ ಸೇರಿ ಜೇನು ಸಾಕಬೇಕು ಅಂತ ಅವರ ಆಸೆ. ನಲವತ್ತು ವರ್ಷ ತಂತಿ ಕೆಳಗೆ ಓಡಾಡಿದ್ದಾಯಿತು, ಇನ್ನು ತಂತಿ ಇಲ್ಲದ ಆಕಾಶ ಬೇಕು ಅಂದರು. “ಒಳಗೆ ಬನ್ನಿ ತಂಗಿ” ಅಂತ ಅವರು ಎಜೆಯನ್ನು ಕರೆದಾಗ ಎಜೆ ಒಂದು ಕ್ಷಣ ತಬ್ಬಿಬ್ಬಾದರು. ಅವರನ್ನು ತಂಗಿ ಅಂತ ಕರೆಯುವವರು ಈ ಊರಲ್ಲಿ ಉಳಿದಿದ್ದೇ ಇಲ್ಲ. ತಲೆವಸ್ತ್ರ ಸರಿ ಮಾಡಿಕೊಂಡರು.

ಆದರೆ ಕೆಲಸ ಕೆಲಸವೇ. ಕಿಟಕಿಯ ಕೆಳಗಿನ ಹೀಟರಿಗೆ ಕೈಯ ಹಿಂಬದಿ ತಾಗಿಸಿ ನೋಡಿದರು, ಬಿಸಿ ಇತ್ತು. ನಲ್ಲಿಗಳನ್ನೆಲ್ಲ ಒಟ್ಟಿಗೆ ತಿರುಗಿಸಿದರು. ಮನೆಯ ಕೆಂಪು ಪುಸ್ತಕ, ಅದೇ ಹಕ್ಕುಪತ್ರ, ಕೇಳಿ ಇಸಿದುಕೊಂಡು ಕನ್ನಡಕ ಹಾಕಿ ಓದಿದರು. ಹೆಂಡತಿಯ ಪಾಲಿನ ಮೇಲಿನ ಹಕ್ಕು ಬಿಟ್ಟುಕೊಟ್ಟು ಮಗಳು ಗುಲ್ಬಾರ್ಚಿನ್ ನೋಟರಿಯ ಮುಂದೆ ಸಹಿ ಮಾಡಿದ್ದ ಕಾಗದವೂ ಇತ್ತು. ಆ ಸಹಿ ಇಲ್ಲದೆ ಕೊಂಡು ಐದು ವರ್ಷ ಕೋರ್ಟಿಗೆ ಅಲೆದವರ ಕತೆಯೊಂದು ಎಜೆಯ ಬಾಯಿಗೆ ಬಂದಿತ್ತು, ನುಂಗಿಕೊಂಡರು.

ಬುರುಲ್ಚಾ ಇದೊಂದನ್ನೂ ನೋಡಲಿಲ್ಲ. ಅವಳು ನೋಡುತ್ತಿದ್ದದ್ದು ಗೋಡೆ. ಆ ಚಳಿಗೋಡೆಯ ಅಷ್ಟಗಲಕ್ಕೂ ಒಂದು ಶಿರ್ದಾಕ್ ತೂಗುಹಾಕಿತ್ತು: ಕೆಂಪು ಮತ್ತು ಕಂದು ಉಣ್ಣೆಯ ದಪ್ಪ ಹಾಸು, ಟಗರಿನ ಕೊಂಬಿನ ಬಳ್ಳಿಗಳು ಒಂದರೊಳಗೊಂದು ಸುತ್ತಿಕೊಂಡಿದ್ದವು. ಅಂಥ ಕೈಹೊಲಿಗೆಯನ್ನು ಅವಳು ತನ್ನ ಅಜ್ಜಿಯ ಕಾಲದ ಮೇಲೆ ನೋಡಿರಲಿಲ್ಲ. ಎಳೆ ಎಳೆಯೂ ಒಂದೇ ಬಿಗಿ, ಒಂದೇ ದೂರ. ಕೆಳಗಿನ ಎಡ ಮೂಲೆಯಲ್ಲಿ ಮಾತ್ರ ಹೊಲಿಗೆ ಸಡಿಲಾಗಿ ಅಲೆಯಲೆಯಾಗಿತ್ತು. ಉಣ್ಣೆ ನೀರು ಕುಡಿದು ಊದಿಕೊಂಡಾಗ ದಾರ ಹಾಗೇ ಆಗುತ್ತದೆ. ಬುರುಲ್ಚಾ ಹತ್ತಿರ ಹೋಗಿ ಬಗ್ಗಿದಳು. ಅವಳಿಗೆ ದಿಗಿಲಾಯಿತು. ಮೊದಲು ಹಾಸಿಗಾಗಿ, ಆಮೇಲೆ ತನ್ನ ಇಪ್ಪತ್ತೆಂಟು ಮೀಟರಿಗಾಗಿ.

ಅಷ್ಟರಲ್ಲಿ ಬಾಯ್ಕೆ ಮೇಜು ತುಂಬಿಸಿದ್ದರು. ಮಧ್ಯದಲ್ಲಿ ದುಂಡು ರೊಟ್ಟಿ, ಸುತ್ತ ಕೆನೆ, ಏಪ್ರಿಕಾಟಿನ ಜಾಮು, ಎಣ್ಣೆಯಲ್ಲಿ ಕರಿದ ಬೋರ್ಸೋಕಿನ ರಾಶಿ. ಒಂಟಿ ಗಂಡಸು ಬೆಳಗ್ಗೆ ಐದಕ್ಕೇ ಎದ್ದು ಹಿಟ್ಟು ನಾದಿದ್ದಿರಬೇಕು. ಅವರು ರೊಟ್ಟಿ ಮುರಿದು ಎರಡೂ ಕೈಯಲ್ಲಿ ಎಜೆಯ ಮುಂದೆ ಹಿಡಿದರು.

“ಈಗತಾನೆ ತಿಂದು ಬಂದ್ವಿ ಬಾಯ್ಕೆ” ಅಂದರು ಎಜೆ.

“ಹೊಟ್ಟೆ ತುಂಬಿದವರೂ ಒಂದು ಚೂರು ಬಾಯಿಗೆ ತಾಗಿಸ್ತಾರೆ, ತಂಗಿ.”

“ತಾಗಿಸೋಣ, ತಾಗಿಸೋಣ. ಮೊದಲು ಬೆಲೆ ಮಾತಾಡಿಬಿಡೋಣ.”

ಬಾಯ್ಕೆ ರೊಟ್ಟಿಯ ಚೂರನ್ನು ಮೆಲ್ಲಗೆ ತಟ್ಟೆಯಲ್ಲಿಟ್ಟರು. ಬಾಗಿಲಲ್ಲಿ ನಿಂತು ಹೋಗುವ ಅಂಚೆಯವನೂ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು ಹೋಗುವ ಸೀಮೆ ಇದು. ಬುರುಲ್ಚಾಳಿಗೆ ನೆಲ ಬಿರಿಯಬಾರದೇ ಅನ್ನಿಸಿತು. ಆದರೆ ಎಜೆ ಒಮ್ಮೆ ಮಾತಿಗಿಳಿದರೆ ಲಾರಿಯ ಹಾಗೆ, ಹಿಂದಕ್ಕೆ ಬರುವುದು ಕಷ್ಟ. ಕೊನೆಯ ಮನೆ, ಚಳಿ, ಗೋಡೆ ಅಂತ ಶುರು ಮಾಡಿ ಕೇಳಿಯೇಬಿಟ್ಟರು: “ಆ ಹಾಸು ಒಂದ್ಸಲ ಎತ್ತಿ ನೋಡ್ಬಹುದಾ?”

ಬಾಯ್ಕೆಯ ಮುಖ ಬಿಗಿಯಿತು. “ಅದು ನಮ್ಮ ಊಲ್ಕಾನ್ ಹೊಲಿದಿದ್ದು. ನಮ್ಮ ರೊಟ್ಟಿ ಮುಟ್ಟದ ಕೈ ಅದನ್ನ ಮುಟ್ಟೋದು ಬೇಡ.”

ಅಲ್ಲಿಗೆ ಮುಗಿಯಿತು. ಅವರು ಬಾಗಿಲ ತನಕ ಬಂದು ಕೋಟು ಹಿಡಿದು ತೊಡಿಸಿದರು, ಮರ್ಯಾದೆಗೆ ಕೊರತೆ ಮಾಡಲಿಲ್ಲ, ಆದರೆ ಮತ್ತೆ ಬನ್ನಿ ಅನ್ನಲಿಲ್ಲ.

ಬಸ್‌ಸ್ಟಾಪಿನಲ್ಲಿ ಎಜೆ ತಮ್ಮಷ್ಟಕ್ಕೇ ಗೊಣಗುತ್ತಿದ್ದರು. ಹಾಸಿನ ಹಿಂದೆ ಬೂಷ್ಟಿದೆ, ಇಲ್ಲದಿದ್ದರೆ ಎತ್ತಲು ಬಿಡುತ್ತಿದ್ದ. ತೋರಿಸದ ಗೋಡೆಯನ್ನು ಕೊಳ್ಳುವುದುಂಟೇ. ಬಿಡು, ಬೇರೆ ನೋಡೋಣ. ಆಮೇಲೆ, “ಬೋರ್ಸೋಕ್ ಚೆನ್ನಾಗಿ ಉಬ್ಬಿದ್ವು, ಅಲ್ವಾ?” ಅಂದರು. ಬುರುಲ್ಚಾ ಹೌದು ಅಂದಳು.

ಮುಂದಿನ ಮೂರು ದಿನ ಅವಳು ಹೊಲಿಗೆಯಂತ್ರದ ಮುಂದೆ ಕೂತಾಗಲೆಲ್ಲ ಕಣ್ಣೆದುರು ಬಂದದ್ದು ಮನೆಯಲ್ಲ, ಆ ಸಡಿಲಾದ ಮೂಲೆ. ಇನ್ನೊಂದು ತಿಂಗಳು ಅಲ್ಲೇ ಬಿಟ್ಟರೆ ದಾರ ಕೊಳೆಯುತ್ತದೆ. ಆಮೇಲೆ ಕೊಂಬಿನ ಬಳ್ಳಿ ಒಂದೊಂದೇ ಬಿಟ್ಟುಕೊಳ್ಳುತ್ತದೆ, ಕೊನೆಗೆ ಎರಡು ಬಣ್ಣದ ಉಣ್ಣೆಯ ತುಂಡುಗಳು ಉಳಿಯುತ್ತವೆ. ಅದನ್ನು ಹೊಲಿದವಳು ಬದುಕಿಲ್ಲ, ಮತ್ತೆ ಹೊಲಿಯುವವರಿಲ್ಲ. ತನಗೇನು, ಕೊಳ್ಳದ ಮನೆಯ ಗೋಡೆ ತಾನೆ ಅಂತ ತನಗೆ ತಾನೇ ಹೇಳಿಕೊಂಡಳು. ಕೈ ಮಾತ್ರ ಕಾಲರನ್ನು ಎರಡು ಸಲ ತಲೆಕೆಳಗಾಗಿ ಹೊಲಿಯಿತು.

ಭಾನುವಾರ ಎಜೆಗೆ ಹೇಳದೆ ಹೋದಳು. ಹೇಳಿದ್ದರೆ ಎಜೆ ಬರುತ್ತಿದ್ದರು, ಬಂದರೆ ಬೆಲೆ ಬರುತ್ತಿತ್ತು.

ಬಾಯ್ಕೆ ಬಾಗಿಲು ತೆರೆದು ಅವಳ ಹಿಂದೆ ನೋಡಿದರು. “ತಂಗಿ ಬಂದಿಲ್ವಾ?”

“ಇಲ್ಲ ಬಾಯ್ಕೆ. ಮನೆ ವಿಷಯಕ್ಕೆ ಬಂದಿದ್ದಲ್ಲ ನಾನು.” ಮೆಟ್ಟಿಲು ಹತ್ತುವಾಗ ಜೋಡಿಸಿಕೊಂಡಿದ್ದ ಮಾತೆಲ್ಲ ಮರೆತುಹೋಗಿ ಅವಳು ಒಂದೇ ಉಸಿರಿಗೆ ಹೇಳಿದಳು. “ಆ ಹಾಸನ್ನ ಗೋಡೆಯಿಂದ ತೆಗೀರಿ. ಮೂಲೇಲಿ ನೀರು ಹಿಡಿದಿದೆ, ದಾರ ಸಡಿಲ ಆಗಿದೆ. ನಾನು ಹೊಲಿಗೆಯವಳು, ನಂಗೆ ಕಾಣುತ್ತೆ. ಬೇರೆ ಯಾರಿಗಾದ್ರೂ ಮನೆ ಮಾರಿ, ಅದು ನಿಮ್ಮಿಷ್ಟ. ಅದೊಂದು ಹಾಳಾಗೋದು ಬೇಡ.”

ಅವರು ಒಳಗೆ ಹೋಗಿ ರೊಟ್ಟಿ ತಂದು, ಇನ್ನೂ ಹೊಸ್ತಿಲಲ್ಲೇ ಇದ್ದ ಅವಳ ಮುಂದೆ ಹಿಡಿದರು. ಮೊನ್ನೆಯ ಹಾಗೆ ಎರಡೂ ಕೈಯಲ್ಲಲ್ಲ. ಒಂದು ಕೈಯಲ್ಲಿ, ಕೊಡಲೋ ಬೇಡವೋ ಅನ್ನುವವರ ಹಾಗೆ. ಬುರುಲ್ಚಾ ಚೂರು ಮುರಿದು ಬಾಯಿಗಿಟ್ಟಳು. ನಿನ್ನೆಯದು, ಗಟ್ಟಿಯಾಗಿತ್ತು. ಅಗಿದು ನುಂಗುವ ತನಕ ಅವರು ನೋಡುತ್ತ ನಿಂತರು.

“ಬಾ, ಒಂದು ತುದಿ ಹಿಡ್ಕೊ” ಅಂದರು.

ಇಬ್ಬರೂ ಸೇರಿ ಮೊಳೆಗಳಿಂದ ಹಾಸನ್ನು ಬಿಡಿಸಿದರು. ಕುರಿಯಷ್ಟು ಭಾರ ಇತ್ತು. ಹಿಂದಿನ ಗೋಡೆಯ ಕೆಳಮೂಲೆಯಲ್ಲಿ, ನೆಲದಿಂದ ಸೊಂಟದವರೆಗೆ ಕಪ್ಪು ಬೂಷ್ಟು ಬೆಳೆದಿತ್ತು. ಹಾಸಿನ ಬೆನ್ನಿನ ಮೇಲೂ ಒಂದು ಅಂಗೈಯಷ್ಟು ಬೂದು ಕಲೆ. ಅದನ್ನು ನೋಡಿ ಬಾಯ್ಕೆ ಮಂಚದ ಅಂಚಿನಲ್ಲಿ ಕೂತುಬಿಟ್ಟರು.

ಅವರು ಆಮೇಲೆ ಹೇಳಿದ್ದಿಷ್ಟು. ಎರಡು ಚಳಿಗಾಲ ಕೂತು ಊಲ್ಕಾನ್ ಅದನ್ನು ಹೊಲಿದಿದ್ದಳು, ಮಗಳ ಮದುವೆಗೆ ಅಂತ. ಮಗಳು ಗಂಡನ ಮನೆಗೆ ಹೋಗುವಾಗ, ಇದು ಅಪ್ಪನ ಹತ್ತಿರ ಇರಲಿ ಅಂತ ಬಿಟ್ಟು ಹೋದಳು. ಪೆಟ್ಟಿಗೆಯಲ್ಲಿ, ಹುಳ ಹಿಡಿಯದ ಹಾಗೆ ವರ್ಮ್‌ವುಡ್ ಸೊಪ್ಪು ಹಾಕಿ ಮಡಚಿಟ್ಟಿತ್ತು. ಮನೆ ಮಾರಾಟಕ್ಕಿಟ್ಟ ಮೇಲೆ ಬಂದವರೆಲ್ಲ ಮೂಲೆ ನೋಡಿ ಮೂಗು ಮುರಿದು ಹೋಗುತ್ತಿದ್ದರು. ಮೂರು ವಾರದ ಹಿಂದೆ ಪೆಟ್ಟಿಗೆ ತೆರೆದು ಅದನ್ನು ಗೋಡೆಗೆ ಮೊಳೆ ಹೊಡೆದು ತೂಗುಹಾಕಿದರು. ಆವತ್ತಿನಿಂದ ಆ ಗೋಡೆಗೆ ಬೆನ್ನು ಹಾಕಿಯೇ ಕೂತು ಚಹಾ ಕುಡಿಯುತ್ತಿದ್ದರು.

“ತಂಗಿ ರೊಟ್ಟಿ ತಿನ್ನಲ್ಲ ಅಂದಾಗ ಕೋಪ ಬಂತು ನಂಗೆ, ನಿಜ. ಆದ್ರೆ ಒಳಗೊಳಗೆ ಸಮಾಧಾನಾನೂ ಆಯ್ತು. ತಿಂದಿದ್ರೆ ನಾನು ಮುಚ್ಚಿಡೋ ಹಾಗಿರಲಿಲ್ಲ ಮಗಳೆ. ನನ್ನ ಕೈಯಾರೆ ರೊಟ್ಟಿ ಕೊಟ್ಟು, ಆಮೇಲೆ ಕೊಳೆತ ಗೋಡೇನೂ ಕೊಡೋಕಾಗುತ್ತಾ?”

ಬುರುಲ್ಚಾ ಹಾಸನ್ನು ನೆಲದ ಮೇಲೆ ಬೆನ್ನು ಮೇಲಾಗಿ ಹರಡಿ, ಹೀಟರಿನ ಹತ್ತಿರ ಎಳೆದು, ಕಲೆಯ ಮೇಲೆ ಒಣ ಬ್ರಶ್ಶಿನಿಂದ ಉಜ್ಜುತ್ತಿದ್ದಳು. ಕೈ ನಿಂತಿತು. ಕಾಲಿಪಾ ಎಜೆಯ ಇಪ್ಪತ್ತು ವರ್ಷದ ಪಾಠ, ಆ ಕೆನೆಯ ಕತೆ, ಎಲ್ಲ ನೆನಪಾಯಿತು. ಎಜೆ ತಮ್ಮ ಬಾಯಿ ಕಟ್ಟಿಹೋದದ್ದನ್ನಷ್ಟೇ ನೋಡಿದ್ದರು. ಎದುರಿಗೆ ಕೂತು ರೊಟ್ಟಿ ಕೊಟ್ಟವಳ ಬಾಯಲ್ಲಿ ಏನಿತ್ತೋ, ಕೇಳಿದ್ದರೆ ಏನು ಹೇಳುತ್ತಿದ್ದಳೋ, ಎಜೆ ಕೇಳಿಯೇ ಇರಲಿಲ್ಲ.

“ಬಾಯ್ಕೆ, ಈ ಮನೇಲಿ ಇನ್ನೇನೇನು ಕೆಟ್ಟಿದೆ?” ಅಂದಳು.

ಅವರು ಎದ್ದು ಒಂದೊಂದಾಗಿ ತೋರಿಸಿದರು, ಟ್ರಾಲಿಬಸ್ಸನ್ನು ಮುಂದಿನ ಚಾಲಕನಿಗೆ ಒಪ್ಪಿಸುವವರ ಹಾಗೆ. ಬಚ್ಚಲಿನ ಸ್ವಿಚ್ಚು ಒದ್ದೆ ಕೈಯಲ್ಲಿ ಮುಟ್ಟಬಾರದು. ಅಡುಗೆಮನೆಯ ಕಿಟಕಿ ಗಾಳಿ ಬಂದಾಗ ಶಿಳ್ಳೆ ಹಾಕುತ್ತದೆ, ಹತ್ತಿ ತುರುಕಿದರೆ ಸುಮ್ಮನಾಗುತ್ತದೆ. ಗೋಡೆಯ ರೋಗ ಗೋಡೆಯದಲ್ಲ: ಹೊರಗೆ ಎರಡು ಚಪ್ಪಡಿಗಳ ನಡುವಿನ ಸಂದು ಬಾಯಿ ಬಿಟ್ಟಿದೆ. ಬೆಟ್ಟ ಹತ್ತುವ ಹುಡುಗರು ತಾರಸಿಯಿಂದ ಹಗ್ಗ ಕಟ್ಟಿಕೊಂಡು ಇಳಿದು ಅಂಥ ಸಂದುಗಳನ್ನು ತುಂಬುತ್ತಾರೆ. ಮೇ ತಿಂಗಳಲ್ಲಿ, ಗೋಡೆ ಒಣಗಿದ ಮೇಲೆ ಮಾಡಿಸಬೇಕು. ಈಗ ಮಾಡಿಸಿದರೆ ನೀರು ಒಳಗೇ ಸಿಕ್ಕಿಕೊಳ್ಳುತ್ತದೆ. ಕೆಳಗಿನ ಮಾಳಿಗೆಯವರು ಮಾಡಿಸಿದ್ದಾರೆ, ಮೂರು ವರ್ಷದಿಂದ ಒಣಗಿದೆ, ಬೇಕಾದರೆ ಹೋಗಿ ನೋಡು. ಅವಳು ಹೋಗಿ ನೋಡಿದಳು. ಕೆಳಗಿನ ಮನೆಯಾಕೆಯ ಗೋಡೆಗೆ ಕೈಯ ಹಿಂಬದಿ ತಾಗಿಸಿದಳು. ಒಣಗಿತ್ತು. ಅಲ್ಲೂ ಒಂದು ಚೂರು ರೊಟ್ಟಿ ತಿನ್ನಬೇಕಾಯಿತು.

ಅವಳು ಮೇಲೆ ಬಂದಾಗ ಬಾಯ್ಕೆ ತೀರ್ಮಾನ ಮಾಡಿ ಕೂತಿದ್ದರು. ಬೂಷ್ಟು ಹಿಡಿದ ಗೋಡೆಯ ಉದ್ದಕ್ಕೂ ಮೂರು ಮೀಟರ್ ಜಾಗ. ಅಷ್ಟಕ್ಕೆ ಅವರು ದುಡ್ಡು ತೆಗೆದುಕೊಳ್ಳುವುದಿಲ್ಲ. ಮನೆಯನ್ನು ಇಪ್ಪತ್ತೆಂಟು ಮೀಟರಿನ ಬೆಲೆಗೆ ಕೊಡುತ್ತಾರೆ.

ಬುರುಲ್ಚಾಳಿಗೆ ಬೇಕಾಗಿದ್ದದ್ದು ಸರಿಯಾಗಿ ಅಷ್ಟೇ. ಹನ್ನೊಂದು ವರ್ಷ, ಕಣ್ಣು, ಅರ್ಧ ಸಂಬಳ, ಎಲ್ಲ ಆ ಮೂರು ಮೀಟರಿನಲ್ಲಿ ನಿಂತಿತ್ತು. ಅವಳ ಬಾಯಿ ಮಾತ್ರ, “ಅಯ್ಯೋ ಅಷ್ಟೆಲ್ಲ ಯಾಕೆ ಬಾಯ್ಕೆ, ಎರಡು ಸಾಕು” ಅಂದುಬಿಟ್ಟಿತು.

“ಮೂರು” ಅಂದರು ಅವರು.

“ಎರಡು. ನಿಮಗೆ ಜೇನುಪೆಟ್ಟಿಗೆ ತಗೋಬೇಕು.”

“ಜೇನಿಗೆ ನಿನ್ನ ಮೀಟರ್ ಯಾಕೆ? ಅವಕ್ಕೆ ಹೂವು ಸಾಕು. ಮೂರು ಅಂದ್ರೆ ಮೂರು.”

ಹೀಗೆ ಮಾರುವವರು ಇಳಿಸುತ್ತ, ಕೊಳ್ಳುವವಳು ಏರಿಸುತ್ತ ಇದ್ದಾಗ ಬುರುಲ್ಚಾಳ ಫೋನು ರಿಂಗಾಯಿತು. ಭಾನುವಾರದ ದಿನ ಎಲ್ಲಿ ಹಾಳಾಗಿ ಹೋಗಿದ್ದೀಯ ಅಂತ ಕೇಳಲು ಎಜೆ ಮಾಡಿದ್ದರು. ಅವಳು ತೊದಲುತ್ತ ಎಲ್ಲ ಹೇಳಿದಳು.

“ಅವರೇ ಮೂರು ಇಳಿಸ್ತೀನಿ ಅಂತಿದಾರೆ, ನೀನು ಬೇಡ ಅಂತಿದೀಯಾ?”

“ಹೌದು ಎಜೆ.”

“ರೊಟ್ಟಿ ತಿಂದ್ಯಾ?”

“ತಿಂದೆ.”

“ಎಷ್ಟು?”

“ಇಲ್ಲಿ ಒಂದು ಚೂರು. ಕೆಳಗಡೆ ಮನೇಲಿ ಇನ್ನೊಂದು.”

“ಇನ್ನು ಬಾಯಿ ತೆಗೀಬೇಡ. ಸುಮ್ನೆ ಕೂತಿರು, ಬರ್ತೀನಿ.”

ಎಜೆ ಬರುವ ಹೊತ್ತಿಗೆ ಮುಕ್ಕಾಲು ಗಂಟೆ ಹಿಡಿಯಿತು. ಅಷ್ಟರಲ್ಲಿ ಬಾಯ್ಕೆ ಹೊಸ ಹಿಟ್ಟು ನಾದಿದರು. ಬುರುಲ್ಚಾ ಚೀಲದಿಂದ ದಪ್ಪ ಸೂಜಿ ತೆಗೆದು ಹಾಸಿನ ಮೂಲೆ ಬಿಚ್ಚತೊಡಗಿದಳು. ಪೂರ್ತಿ ಒಣಗಿದ ಮೇಲೆ ಹೊಸ ದಾರದಲ್ಲಿ ಹೊಲಿದು ಟೊಕ್ತೊಗುಲ್‌ಗೆ ಕಳಿಸುವುದು ಅಂತ ಮಾತಾಗಿತ್ತು. ಅದಕ್ಕೆ ಕೂಲಿ ಕೊಡುತ್ತೇನೆ ಅಂತ ಬಾಯ್ಕೆ, ಬೇಡ ಅಂತ ಅವಳು, ಅದೂ ಇನ್ನೂ ಮುಗಿದಿರಲಿಲ್ಲ. ಕೊನೆಗೆ ವರ್ಷಕ್ಕೊಂದು ಡಬ್ಬಿ ಜೇನುತುಪ್ಪ ಅಂತ ನಿಂತಿತು.

ಕಾಲಿಪಾ ಎಜೆ ಒಳಗೆ ಬಂದವರೇ ಕೋಟು ಕೂಡ ಬಿಚ್ಚದೆ ಬರಿದಾದ ಗೋಡೆಯ ಮುಂದೆ ನಿಂತರು. ಬೂಷ್ಟನ್ನು ನೋಡಿದರು. ನೆಲದ ಮೇಲೆ ಬೋರಲಾಗಿದ್ದ ಹಾಸನ್ನು ನೋಡಿದರು. ಬಗ್ಗಿ, ಅದರ ಹೊಲಿಗೆಯ ಮೇಲೆ ಬೆರಳಾಡಿಸಿದರು, ಕಾರ್ಖಾನೆಯಲ್ಲಿ ಹುಡುಗಿಯರ ಕೆಲಸ ಪರೀಕ್ಷೆ ಮಾಡುತ್ತಿದ್ದ ಹಾಗೆ. ತಪ್ಪು ಹುಡುಕಿದರು, ಸಿಗಲಿಲ್ಲ.

“ಇಂಥಾ ಕೈ ನನ್ನ ಲೈನಿನಲ್ಲಿ ಒಂದಿದ್ದಿದ್ರೆ ಸಾಕಿತ್ತು” ಅಂದರು. ಆಮೇಲೆ ಬಾಯ್ಕೆಯ ಕಡೆ ತಿರುಗಿದರು. ನೋಟರಿಯ ಮುಂದೆ ಮುಂಗಡ, ಅದಕ್ಕೊಂದು ಬರಹದ ರಸೀದಿ, ಬಾಯ್ಕೆ ಹಿಮ ಕರಗುವ ತನಕ ಇದೇ ಮನೆಯಲ್ಲಿರುವುದು, ಮೇ ತಿಂಗಳಲ್ಲಿ ಹಗ್ಗದ ಹುಡುಗರು, ಸೆಪ್ಟೆಂಬರಿಗೆ ವಿದ್ಯಾರ್ಥಿಗಳು. ಸಂದು ತುಂಬಿಸುವ ಖರ್ಚಿಗೆ ಆ ತೆಗೆದಿಟ್ಟ ದುಡ್ಡು ಮುಟ್ಟುವುದು, ಸೆಪ್ಟೆಂಬರಿನೊಳಗೆ ಕಾಲರ್ ಹೊಲಿದು ಅದನ್ನು ಮತ್ತೆ ತುಂಬಿಸುವುದು. ದಿನಕ್ಕೆ ನಾಲ್ಕೇ ಗಂಟೆ. ಒಂದಾದರೂ ಹೆಚ್ಚು ಹೊಲಿದದ್ದು ತಮ್ಮ ಕಿವಿಗೆ ಬಿದ್ದರೆ ಮಶೀನಿನ ಬೆಲ್ಟು ಕಿತ್ತುಕೊಂಡು ಹೋಗುತ್ತೇನೆ ಅಂತ ಕೂಡ ಸೇರಿಸಿದರು. ಎಲ್ಲ ಕೇಳಿ ಬಾಯ್ಕೆ ತಲೆಯಾಡಿಸಿದರು.

“ಮೂರು ಮೀಟರ್ ತಾನೆ?” ಎಜೆ ಕೊನೆಯದಾಗಿ ಕೇಳಿದರು.

“ನಾನು ಮೊದಲಿಂದ ಅದನ್ನೇ ಹೇಳ್ತಿದೀನಿ ತಂಗಿ. ನಿಮ್ಮ ಹುಡುಗಿ ಒಪ್ತಿಲ್ಲ.”

“ಅವಳು ಒಪ್ತಾಳೆ. ಏನೇ, ಒಪ್ತೀಯಲ್ಲ?”

ಬುರುಲ್ಚಾ ಬಾಯಲ್ಲಿ ದಾರ ಕಚ್ಚಿಕೊಂಡಿದ್ದಳು. ಕಣ್ಣಲ್ಲೇ ಹೂಂ ಅಂದಳು.

“ಹಾಗಾದ್ರೆ ಬೆಲೆ ಆಯ್ತು” ಅಂದರು ಎಜೆ.

ಬಾಯ್ಕೆ ಒಲೆಯಿಂದ ಆಗತಾನೆ ಇಳಿಸಿದ ರೊಟ್ಟಿಯನ್ನು ಎರಡೂ ಕೈಯಲ್ಲಿ ತಂದು ಹಿಡಿದರು. ಕಾಲಿಪಾ ಎಜೆ ಕೈಗವಸು ಬಿಚ್ಚಿ, ಅಂಚಿನಿಂದ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡರು. ಅಗಿದರು. ಅಗಿಯುತ್ತಲೇ ಕಿಟಕಿಯ ಹತ್ತಿರ ಹೋಗಿ, ಯಾರೂ ನೋಡುತ್ತಿಲ್ಲ ಅಂದುಕೊಂಡು, ಹೀಟರಿಗೆ ಕೈಯ ಹಿಂಬದಿ ತಾಗಿಸಿ ನೋಡಿದರು. ವಾಪಸ್ ಬಂದು, ಈ ಸಲ ದೊಡ್ಡ ತುಂಡನ್ನೇ ಮುರಿದು ಕೆನೆಯಲ್ಲಿ ಅದ್ದಿದರು.